ಪೇಟೆಂಟ್ ಪಡೆಯೋದು ಅಗ್ಗ, ಹೊಡೆದು ಹಾಕೋದು ದುಬಾರಿ

ಬೆಂಗಳೂರಿನ ಔಟರ್ ರಿಂಗ್ ರೋಡಿನ ಯಾವ ಟೆಕ್ ಪಾರ್ಕಿಗೆ ಹೋದರೂ ಒಂದಷ್ಟು ಡೆಸ್ಕುಗಳ ಮೇಲೆ ಅಂಗೈ ಅಗಲದ ಅಕ್ರಿಲಿಕ್ ಫಲಕ ಕಾಣುತ್ತದೆ. ಮೇಲೆ ಪೇಟೆಂಟ್ ನಂಬರ್, ಕೆಳಗೆ ನಮ್ಮ ಹುಡುಗರ ಹೆಸರು. ಐಡಿಯಾ ಫಾರ್ಮ್ ತುಂಬಿ ಕೊಟ್ಟರೆ ಬೋನಸ್ಸು, ಅರ್ಜಿ ಹೋದರೆ ಇನ್ನೊಂದಿಷ್ಟು, ಅಪ್ರೈಸಲ್‌ನಲ್ಲಿ ಒಂದು ಸಾಲು. ಬೇಡ ಅನ್ನೋಕಾಗುತ್ತಾ, ಇಎಂಐ ಕಟ್ಟಬೇಕಲ್ವಾ. ಆದರೆ ಅದೇ ಹುಡುಗರು ಕ್ಯಾಂಟೀನಿನಲ್ಲಿ ಕೂತು ತಮ್ಮ "ಆವಿಷ್ಕಾರ"ವನ್ನು ವಿವರಿಸುವಾಗ ಅವರಿಗೇ ನಗು ತಡೆಯೋಕಾಗಲ್ಲ.

ಗೆಳೆಯನೊಬ್ಬನ ಐಡಿಯಾ ಇಷ್ಟೇ: ಫಾರ್ಮ್ ತುಂಬುವಾಗ ನೆಟ್ ಹೋದರೆ ಫೋನಿನಲ್ಲೇ ಉಳಿಸಿಟ್ಟು, ನೆಟ್ ಬಂದಮೇಲೆ ಕಳಿಸುವುದು. ಈಮೇಲ್‌ನ ಔಟ್‌ಬಾಕ್ಸ್ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣಲ್ಲ. ವಕೀಲರ ಕೈಯಿಂದ ಅದು ವಾಪಸ್ ಬಂದಾಗ ಹೀಗಿತ್ತು: "ಒಂದು ಪ್ರೊಸೆಸರ್, ಅದಕ್ಕೆ ಜೋಡಿಸಿದ ಮೆಮೊರಿ, ಸಂಪರ್ಕದ ಸ್ಥಿತಿಯನ್ನು ಗುರುತಿಸುವ ಮಾಡ್ಯೂಲ್, ಆ ಸ್ಥಿತಿಗೆ ಅನುಗುಣವಾಗಿ ದತ್ತಾಂಶವನ್ನು ತಡೆಹಿಡಿಯುವ ಇನ್ನೊಂದು ಮಾಡ್ಯೂಲ್..." ಅವನು ಎರಡು ಸಲ ಓದಿ, "ಇದು ನಂದೇನಾ?" ಅಂದ.

ಇಂಥದ್ದು ಒಮ್ಮೆ ಮಂಜೂರಾದರೆ ತೆಗೆಸೋದು ಎಷ್ಟು ಕಷ್ಟ ಅನ್ನೋದಕ್ಕೆ ಅಮೆಜಾನ್‌ನ ಒನ್ ಕ್ಲಿಕ್ ಪೇಟೆಂಟೇ ಸಾಕು. ಒಂದೇ ಸಲ ಒತ್ತಿ ಖರೀದಿ ಮಾಡುವ ಬಟನ್. 1999ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಮುಂದಿನ ತಿಂಗಳೇ ಪುಸ್ತಕ ಮಾರುವ ಬಾರ್ನ್ಸ್ ಅಂಡ್ ನೋಬಲ್ ಮೇಲೆ ಕೇಸ್. 2006ರಲ್ಲಿ ಇದನ್ನು ಮತ್ತೆ ಪರಿಶೀಲಿಸಿ ಅಂತ ಅರ್ಜಿ ಹಾಕಿದ್ದು ಯಾವುದೋ ಎದುರಾಳಿ ಕಂಪನಿ ಅಲ್ಲ, ಪೀಟರ್ ಕ್ಯಾಲ್ವೆಲಿ ಅನ್ನೋ ನ್ಯೂಜಿಲೆಂಡಿನ ನಟ. ಶುಲ್ಕಕ್ಕೆ ಜನರಿಂದ ಚಂದಾ ಎತ್ತಿದರು. 2007ರಲ್ಲಿ ಪೇಟೆಂಟ್ ಆಫೀಸು ಹೆಚ್ಚಿನ ಕ್ಲೇಮುಗಳನ್ನು, ಅಂದರೆ ಅಮೆಜಾನ್ ತನ್ನದು ಅಂತ ಹೇಳಿಕೊಂಡ ಅಂಶಗಳನ್ನು, ತಳ್ಳಿಹಾಕಿತು. ಎಲ್ಲರೂ ಮುಗಿಯಿತು ಅಂದುಕೊಂಡರು. ಅಮೆಜಾನ್ ಮಾತು ಸ್ವಲ್ಪ ತಿದ್ದಿ ಬರೆಯಿತು, 2010ರಲ್ಲಿ ಪೇಟೆಂಟ್ ಉಳಿಯಿತು. ಕೊನೆಗೆ 2017ರಲ್ಲಿ ಅವಧಿ ಮುಗಿದು ತಾನಾಗಿಯೇ ಸತ್ತಿತು.

ಗೆದ್ದ ಉದಾಹರಣೆಯೂ ಇದೆ. ಪಾಡ್‌ಕಾಸ್ಟ್ ತನ್ನದೇ ಪೇಟೆಂಟ್ ಅಂತ ಪರ್ಸನಲ್ ಆಡಿಯೋ ಎಂಬ ಕಂಪನಿ ಬೆದರಿಸುತ್ತಿತ್ತು. ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಅಮೆರಿಕದ ಇಎಫ್‌ಎಫ್ ಸಂಸ್ಥೆ 2013ರಲ್ಲಿ ಚಂದಾ ಎತ್ತಿ ಸವಾಲು ಹಾಕಿತು. ಆ ಪೇಟೆಂಟಿಗಿಂತ ಹಿಂದೆಯೇ ಕೆನಡಾದ ಸಿಬಿಸಿ ರೇಡಿಯೋದವರು ವಿಜ್ಞಾನ ಕಾರ್ಯಕ್ರಮವನ್ನು ಇಂಟರ್ನೆಟ್‌ನಲ್ಲಿ ಕಂತುಕಂತಾಗಿ ಹಾಕಿದ್ದನ್ನು ಹುಡುಕಿ ತೋರಿಸಿತು. 2015ರಲ್ಲಿ ಗೆದ್ದರು. ಮೇಲ್ಮನವಿಗಳು ಮುಗಿಯುವಾಗ 2018.

ಊರ ಕೆರೆಯ ಹೂಳೆತ್ತೋಕೆ ಒಬ್ಬನೇ ಜೆಸಿಬಿ ತರಿಸಿದ ಹಾಗೆ ಪೇಟೆಂಟ್ ತೆಗೆಸೋದು. ಖರ್ಚು ಅವನದು, ನೀರು ಎಲ್ಲರ ಗದ್ದೆಗೂ. ಅದಕ್ಕೇ ಬೆದರಿಕೆ ಪತ್ರ ಬಂದ ಸಣ್ಣ ಕಂಪನಿಗಳು ಸುಮ್ನೆ ದುಡ್ಡು ಕೊಟ್ಟು ಕೈತೊಳೆದುಕೊಳ್ಳುತ್ತವೆ.

ಹಾಗಾದರೆ ಕಾನೂನನ್ನೇ ಬದಲಿಸಬಹುದಲ್ವಾ? ಅಮೆರಿಕದಲ್ಲಿ ಪ್ರಯತ್ನ ನಡೆಯಿತು. ಪೇಟೆಂಟ್ ಟ್ರೋಲ್‌ಗಳಿಗೆ, ಅಂದರೆ ಪೇಟೆಂಟ್ ತೋರಿಸಿ ಬೆದರಿಸಿ ದುಡ್ಡು ಕೀಳುವ ಕಂಪನಿಗಳಿಗೆ, ಮೂಗುದಾರ ಹಾಕುವ ಮಸೂದೆ 2013ರ ಡಿಸೆಂಬರಿನಲ್ಲಿ ಕೆಳಮನೆಯಲ್ಲಿ 325-91ರಲ್ಲಿ ಪಾಸಾಯಿತು. ಐದು ತಿಂಗಳಲ್ಲಿ ಸೆನೆಟ್‌ನಲ್ಲಿ ತಣ್ಣಗಾಯಿತು. ಔಷಧ ಕಂಪನಿಗೆ ಗಟ್ಟಿ ಪೇಟೆಂಟ್ ಬೇಕು, ಸಾಫ್ಟ್‌ವೇರ್‌ನವರಿಗೆ ಅದೇ ಕಾಟ, ಇಬ್ಬರಿಗೂ ಕಾನೂನು ಒಂದೇ. ವಿಶ್ವವಿದ್ಯಾಲಯಗಳೂ ವಿರೋಧಿಸಿದವು. ಒಂದು ತಿಂಗಳ ನಂತರ, 2014ರ ಜೂನಿನಲ್ಲಿ, ಅಲ್ಲಿನ ಸುಪ್ರೀಂ ಕೋರ್ಟ್ ಆಲಿಸ್ ಪ್ರಕರಣದಲ್ಲಿ ಹಳೇ ಐಡಿಯಾವನ್ನು ಕಂಪ್ಯೂಟರ್ ಮೇಲೆ ಓಡಿಸಿದ ಮಾತ್ರಕ್ಕೆ ಪೇಟೆಂಟ್ ಸಿಗಲ್ಲ ಅಂದಿತು. ಸಂಸತ್ತಿನಲ್ಲಿ ಆಗದ್ದು ಕೋರ್ಟಿನಲ್ಲಿ ಆಯಿತು. ಈಗ ಅದನ್ನೂ ಬುಡಮೇಲು ಮಾಡುವ ಮಸೂದೆಗಳು ಬರುತ್ತಿವೆ.

ನಮ್ಮ ಕಥೆ ಇದಕ್ಕಿಂತ ಒಳ್ಳೆಯದು, ಕನಿಷ್ಠ ಕಾಗದದ ಮೇಲೆ. ಬರೀ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಮ್, ವ್ಯವಹಾರದ ವಿಧಾನ ಇವಕ್ಕೆ ಪೇಟೆಂಟ್ ಇಲ್ಲ ಅಂತ ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಹೇಳುತ್ತದೆ. 2004ರ ಸುಗ್ರೀವಾಜ್ಞೆ ಇದನ್ನು ಸಡಿಲಿಸಲು ಹೋಯಿತು, 2005ರಲ್ಲಿ ಸಂಸತ್ತು ಒಪ್ಪಲಿಲ್ಲ. 2015ರಲ್ಲಿ ಮಾರ್ಗಸೂಚಿಯ ಮೂಲಕ ಮತ್ತೆ ಸಡಿಲಿಸಿದರು, ಗಲಾಟೆಯಾಗಿ ತಡೆಹಿಡಿದರು. 2016ರಲ್ಲಿ ಹೊಸ ಹಾರ್ಡ್‌ವೇರ್ ಇರಲೇಬೇಕು ಅಂದರು, 2017ರಲ್ಲಿ ಆ ಷರತ್ತನ್ನೂ ತೆಗೆದರು. ಪ್ರೊಸೆಸರ್, ಮೆಮೊರಿ, ಮಾಡ್ಯೂಲ್ ಅಂತ ವಕೀಲರು ಕಸರತ್ತು ಮಾಡೋದು ಈ 3(ಕೆ) ದಾಟೋಕೇ.

ಆದರೆ ನಮ್ಮಲ್ಲಿ ಇನ್ನೊಂದು ಬಾಗಿಲಿದೆ. ಅರ್ಜಿ ಪ್ರಕಟವಾದ ಮೇಲೆ, ಮಂಜೂರಾಗುವ ಮೊದಲು, ಯಾರು ಬೇಕಾದರೂ ತಕರಾರು ಹಾಕಬಹುದು. ಕಂಪನಿಯೇ ಆಗಬೇಕಿಲ್ಲ, ನಷ್ಟವಾಗಿರಬೇಕಿಲ್ಲ. ಕ್ಯಾನ್ಸರ್ ರೋಗಿಗಳ ಪರವಾದ ಸಂಸ್ಥೆಯೊಂದು ಇದೇ ದಾರಿಯಲ್ಲಿ ಗ್ಲಿವೆಕ್ ಔಷಧದ ಅರ್ಜಿಯನ್ನು ವಿರೋಧಿಸಿತು. 2006ರಲ್ಲಿ ಚೆನ್ನೈ ಪೇಟೆಂಟ್ ಆಫೀಸು ಆ ಅರ್ಜಿ ತಿರಸ್ಕರಿಸಿತು, 2013ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಕರ್ನಾಟಕದ ಅರ್ಜಿಗಳು ಹೋಗುವುದೂ ಅದೇ ಆಫೀಸಿಗೆ. (ಇಷ್ಟು ದೊಡ್ಡ ಐಟಿ ಊರಿಗೆ ಸ್ವಂತದ್ದೊಂದು ಪೇಟೆಂಟ್ ಆಫೀಸಿಲ್ಲ, ಅದು ಬೇರೆ ಜಗಳ.) ರೋಗಿಗಳು ಬಳಸಿದ ಬಾಗಿಲನ್ನು ಈ ಊರಿನ ಇಂಜಿನಿಯರ್‌ಗಳು ಯಾಕೆ ಬಳಸಬಾರದು? ಇಪ್ಪತ್ತು ವರ್ಷದ ಹಳೇ ಕೋಡ್, ಮ್ಯಾನುಯಲ್, ತಲೆಯೊಳಗಿನ ನೆನಪು ಎಲ್ಲ ಇಲ್ಲೇ ಬಿದ್ದಿದೆ. ಕಂಪನಿಗಳಂತೂ ಮಾಡಲ್ಲ. ಇವತ್ತು ಪಕ್ಕದವರದ್ದನ್ನು ಹೊಡೆದರೆ ನಾಳೆ ತಮ್ಮದಕ್ಕೂ ಹೊಡೆತ ಬೀಳುತ್ತೆ ಅಂತ ಅವರಿಗೆ ಗೊತ್ತು.

ಸರ್ಕಾರದ ಒಲವು ಯಾವ ಕಡೆ ಅಂತ ನೋಡಿ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕವನ್ನು ಶೇ. 80ರಷ್ಟು ಇಳಿಸಿದರು. ಮಂಜೂರಿಗೆ ಮೊದಲಿನ ತಕರಾರಿಗೆ ಶುಲ್ಕವೇ ಇರಲಿಲ್ಲ, 2024ರ ನಿಯಮದಲ್ಲಿ ಅದಕ್ಕೆ ಶುಲ್ಕ ಹಾಕಿದರು. ಜೊತೆಗೆ ತಕರಾರು ವಿಚಾರಣೆಗೆ ತಕ್ಕದ್ದೋ ಅಲ್ಲವೋ ಅಂತ ಪೇಟೆಂಟ್ ಆಫೀಸಿನ ಕಂಟ್ರೋಲರ್ ಮೊದಲೇ ತೀರ್ಮಾನಿಸಬೇಕು. ಸುಮ್ನೆ ಕಾಟ ಕೊಡೋಕೆ ಹಾಕುವ ತಕರಾರುಗಳೂ ಇದ್ದವು, ಒಪ್ಪಿದೆ. ಆದರೆ ಪೇಟೆಂಟ್ ಅರ್ಜಿ ಹಾಕುವವರಿಗೆ ರಿಯಾಯಿತಿ, ಅದನ್ನು ವಿರೋಧಿಸುವವರಿಗೆ ಟಿಕೆಟ್ಟು ಅಂದರೆ ಏನು ಬೆಳೆಯುತ್ತೆ ಹೇಳಿ. ಕಾಲೇಜುಗಳನ್ನು ಅಳೆಯುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಪೇಟೆಂಟ್ ಲೆಕ್ಕಕ್ಕೆ ಬರೋದರಿಂದ ಕಾಲೇಜುಗಳೂ ಈಗ ಸಾಲಿನಲ್ಲಿ ನಿಂತಿವೆ.

ಕಂಪ್ಯೂಟರ್ ಸೈನ್ಸ್ ಮೇಷ್ಟ್ರುಗಳಿಗೆ ಒಂದು ಮಾತು. ಫೈನಲ್ ಇಯರ್ ಹುಡುಗರಿಗೆ ಇನ್ನೊಂದು ಅಟೆಂಡೆನ್ಸ್ ಆ್ಯಪ್ ಮಾಡಿಸೋ ಬದಲು, ಪೇಟೆಂಟ್ ಆಫೀಸಿನ ಇನ್‌ಪಾಸ್ ಜಾಲತಾಣದಲ್ಲಿ ಹೊಸದಾಗಿ ಪ್ರಕಟವಾದ ಒಂದು ಸಾಫ್ಟ್‌ವೇರ್ ಅರ್ಜಿ ಹುಡುಕಿಸಿ. ಹುಡುಕಾಟ ಉಚಿತ. ಅದೇ ಕೆಲಸ ಮೊದಲು ಎಲ್ಲಿ ಆಗಿತ್ತು ಅಂತ ತಾರೀಖಿನ ಸಮೇತ ತೆಗೆಸಿ, ತಕರಾರು ಹಾಕುವ ಫಾರ್ಮ್ 7ಎ ತುಂಬಿಸಿ. ಶುಲ್ಕ ಡಿಪಾರ್ಟ್‌ಮೆಂಟ್ ಕೊಡಲಿ. ಫೆಸ್ಟಿಗೆ ಕರೆಸುವ ಡಿಜೆ ಖರ್ಚಿನ ಮುಂದೆ ಅದು ಏನೂ ಅಲ್ಲ.