ಕಂಟ್ರೋಲ್ ಇರಬೇಕು, ಸರಿ. ಯಾರಿಗೆ?

ಕತ್ತು ನೋವು ಅಂತ ಭಾರತದಲ್ಲಿರುವ ನೆಂಟರಿಗೆ ಫೋನಿನಲ್ಲಿ ಹೇಳಿ ನೋಡಿ. "ಆ ಮೊಬೈಲ್ ಸ್ವಲ್ಪ ಪಕ್ಕಕ್ಕಿಡು ಮಾರಾಯ" ಅನ್ನುತ್ತಾರೆ. ನಿದ್ದೆ ಬರುತ್ತಿಲ್ಲ ಅಂದರೂ ಇದೇ ಉತ್ತರ, ಕಣ್ಣು ಉರಿ ಅಂದರೂ ಇದೇ. ಕೊನೆಗೆ "ನಮಗೆ ಕಂಟ್ರೋಲ್ ಇರಬೇಕು ಅಷ್ಟೇ" ಅಂತ ಮಾತು ಮುಗಿಯುತ್ತದೆ. ಕಾಳಜಿಯಿಂದಲೇ ಹೇಳುತ್ತಾರೆ, ಬೇಜಾರಿಲ್ಲ. ಆದರೆ ಜರ್ಮನಿಗೆ ಬಂದು ನೆಲೆಸಿದ ಮೇಲೆ ಈ ಬುದ್ಧಿವಾದ ನನಗೆ ಅರ್ಧಂಬರ್ಧ ಅನ್ನಿಸತೊಡಗಿದೆ.

ಇಲ್ಲಿನವರು ನಮಗಿಂತ ಗಟ್ಟಿ ಮನಸ್ಸಿನವರು ಅಂತ ತಿಳಿಯಬೇಡಿ. ಟ್ರೈನು ಹತ್ತಿದರೆ ಇಲ್ಲೂ ಎಲ್ಲರ ತಲೆ ಫೋನಿನ ಕಡೆಗೇ ಬಾಗಿರುತ್ತದೆ. ಆದರೆ ಮನುಷ್ಯ ಹೇಗೂ ಸೋಲುತ್ತಾನೆ ಅಂತ ಮೊದಲೇ ಒಪ್ಪಿಕೊಂಡು, ಕೆಲವು ಕಡೆ ವಸ್ತುವಿಗೇ ಮೂಗುದಾರ ಹಾಕಿದ್ದಾರೆ.

ಹೆಡ್‌ಫೋನ್ ತಗೊಳ್ಳಿ. ಯುರೋಪಿನಲ್ಲಿ ಮಾರುವ ಫೋನುಗಳಿಗೆ 2013ರಿಂದ ಒಂದು ಮಾನದಂಡ ಇದೆ. ಸದ್ದು ತಾನಾಗಿ 85 ಡೆಸಿಬೆಲ್ ಹತ್ತಿರ ನಿಲ್ಲಬೇಕು. ಅದಕ್ಕಿಂತ ಏರಿಸಲು ಹೋದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಒಪ್ಪಿ ಒತ್ತಿದರೆ ಮಾತ್ರ ಮುಂದಕ್ಕೆ. ಜೋರು ಸದ್ದಿನಲ್ಲಿ 20 ಗಂಟೆ ಕೇಳಿದ ಮೇಲೆ ಮತ್ತೆ ಅದೇ ಪ್ರಶ್ನೆ. ಹೆಚ್ಚಿನವರು ಓದದೆ ಒತ್ತುತ್ತಾರೆ, ನಿಜ. ಆದರೂ ಏನನ್ನೂ ಮುಟ್ಟದೆ ಸುಮ್ನೆ ಇದ್ದವರ ಕಿವಿ ತಕ್ಕಮಟ್ಟಿಗೆ ಬಚಾವಾಗುತ್ತದಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿ. ದೊಡ್ಡವರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ 4 ಗಂಟೆ. 100ಕ್ಕೆ ಹೋದರೆ ಇಡೀ ವಾರಕ್ಕೆ ಬರೀ 20 ನಿಮಿಷ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಆಗುತ್ತದೆ, ಅದಕ್ಕೇ ಈ ಇಳಿತ. ಒಳಗಿವಿಯ ಕೂದಲಿನಂಥ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಗದ್ದಲದಲ್ಲಿ ಹಾಡು ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸುವ ಹುಡುಗ ಈ ಗಣಿತ ಹಾಕುತ್ತಾ ಕೂರುತ್ತಾನಾ? ಆ ಲೆಕ್ಕವನ್ನು ಫೋನೇ ಹಾಕಬೇಕು.

ಕೂರುವ ವಿಷಯ ಇನ್ನೂ ಸ್ವಾರಸ್ಯದ್ದು. ಪರದೆ ಮುಂದೆ ಕೆಲಸ ಮಾಡುವವರ ಬಗ್ಗೆ ಯುರೋಪಿನಲ್ಲಿ 1990ರಲ್ಲೇ ಒಂದು ನಿರ್ದೇಶನ ಬಂದಿದೆ. ಕುರ್ಚಿ, ಪರದೆ, ಬೆಳಕು ಸರಿಯಿದೆಯಾ ಅಂತ ಮಾಲೀಕರೇ ನೋಡಬೇಕು. ನಡುನಡುವೆ ಬಿಡುವು ಕೊಡಬೇಕು. ಕಣ್ಣಿನ ಪರೀಕ್ಷೆಗೂ ನೌಕರರಿಗೆ ಹಕ್ಕಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮಹಿಳೆ ಟೇಪು ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಪಾದ ನೆಲಕ್ಕೆ ಊರುವಂತೆ ಕುರ್ಚಿ ಇಳಿಸಿದರು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಚೂರು ಕೆಳಗೆ ಬರುವ ಹಾಗೆ ಮಾಡಿದರು. ಕಿಟಕಿಯ ಬೆಳಕು ಪರದೆಗೆ ಹೊಡೆಯುತ್ತಿತ್ತು, ಮೇಜನ್ನೇ ತಿರುಗಿಸಿಬಿಟ್ಟರು. ನನ್ನ ಬೆನ್ನು ನೋವು ಆಫೀಸಿನ ತಲೆನೋವೂ ಹೌದು ಅಂತ ಯಾರಾದರೂ ತಿಳಿದಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಭಾರತದಲ್ಲಿರುವ ಗೆಳೆಯರು ವಿಡಿಯೊ ಕಾಲಿನಲ್ಲಿ ಸಿಗುತ್ತಾರೆ. ಕೆಲವರು ಹಾಸಿಗೆ ಮೇಲೆ, ಕೆಲವರು ಸೋಫಾದಲ್ಲಿ, ತೊಡೆ ಮೇಲೆ ಲ್ಯಾಪ್‌ಟಾಪು. ನೋವು ಅಂದರೆ "ಯೋಗ ಮಾಡು" ಅನ್ನುವ ಸಲಹೆ. ಮಾಡಲಿ, ಬೇಡ ಅನ್ನಲ್ಲ. ಬೆಳಿಗ್ಗೆ ಅರ್ಧ ಗಂಟೆ ಬೆನ್ನು ನೆಟ್ಟಗೆ ಮಾಡಿ ಆಮೇಲೆ ದಿನವಿಡೀ ಗೂನು ಹಾಕಿ ಕೂತರೆ ಏನು ಬಂತು? ಲ್ಯಾಪ್‌ಟಾಪಿನ ರಚನೆಯಲ್ಲೇ ತೊಡಕಿದೆ. ಕೀಬೋರ್ಡು ಕೈಗೆ ಸರಿಹೋದರೆ ಪರದೆ ತಗ್ಗಿಗೆ ಬೀಳುತ್ತದೆ, ಕತ್ತು ಬಾಗುತ್ತದೆ. ಪರದೆಯನ್ನು ಕಣ್ಣಿಗೆ ಸರಿಮಾಡಿದರೆ ಭುಜ ಮೇಲೇರುತ್ತದೆ. ಎಷ್ಟು ಸಂಯಮ ಇದ್ದರೂ ಇದು ಸರಿಹೋಗಲ್ಲ. ಬೇರೆ ಕೀಬೋರ್ಡು ಬೇಕು, ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಬೇಕು.

ಜರ್ಮನಿಯಲ್ಲಿ ಇವತ್ತಿನ ಕೆಲಸ ಮುಗಿದು ನಾಳೆಯದು ಶುರುವಾಗುವ ನಡುವೆ 11 ಗಂಟೆ ಬಿಡುವು ಇರಬೇಕು ಅನ್ನುವುದು ಕಾನೂನು, ಕೆಲವು ವೃತ್ತಿಗಳಿಗೆ ವಿನಾಯಿತಿ ಇದೆ. ಫ್ರಾನ್ಸಿನಲ್ಲಿ 2017ರಿಂದ ಕೆಲಸದ ಹೊತ್ತು ಮೀರಿದ ಮೇಲ್, ಮೆಸೇಜಿನಿಂದ ದೂರ ಇರುವ ಹಕ್ಕೂ ಕಾನೂನಿನ ಪುಸ್ತಕದಲ್ಲಿದೆ. ಬಾಸ್ ರಾತ್ರಿ ಹತ್ತಕ್ಕೆ ಮೆಸೇಜ್ ಹಾಕಿದಾಗ ಫೋನ್ ಮಗುಚಿ ಇಡಲು ನೌಕರ ಧೈರ್ಯಶಾಲಿ ಆಗಿರಬೇಕಿಲ್ಲ. ನಿದ್ದೆಯ ಬಗ್ಗೆ ಮಾತಾಡುವಾಗ ಪರದೆಯ ನೀಲಿ ಬೆಳಕನ್ನೇ ಎಲ್ಲರೂ ಬೈಯುತ್ತಾರೆ. ನನಗೇನೋ ಆ ಮೆಸೇಜಿನ ಚಿಂತೆಯೇ ಜಾಸ್ತಿ ನಿದ್ದೆ ಕೆಡಿಸುತ್ತದೆ ಅನ್ನಿಸುತ್ತದೆ.

ಹಾಗಂತ ಇಲ್ಲಿ ಎಲ್ಲಾ ಸರಿ ಇದೆ ಅಂದರೆ ಸುಳ್ಳಾಗುತ್ತದೆ. ಬೆರಳು ಎಷ್ಟು ಸರಿಸಿದರೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ತಾನೇ ಅದಕ್ಕೆ ಪಶ್ಚಾತ್ತಾಪ ಪಟ್ಟ. ಆ ಪುಟ ಇಲ್ಲೂ ಹಾಗೇ ಓಡುತ್ತಿದೆ. ಮೊದಲು ಪುಟ ಮುಗಿಯುತ್ತಿತ್ತು, ಮುಂದಿನದನ್ನು ಒತ್ತಬೇಕಿತ್ತು, ಆ ಸಣ್ಣ ತಡೆಯಲ್ಲಿ ಎದ್ದು ಹೋಗುವ ಅವಕಾಶ ಇತ್ತು. ಕುಕಿ, ಅಂದರೆ ನಮ್ಮ ಗುರುತು ಹಿಡಿಯಲು ವೆಬ್‌ಸೈಟು ನಮ್ಮ ಫೋನಿನಲ್ಲಿಡುವ ಸಣ್ಣ ಕಡತ, ಅದಕ್ಕೆ ಒಪ್ಪಿಗೆ ಕೇಳುವ ಯುರೋಪಿನ ನಿಯಮವಂತೂ ಬರೀ ಕಿರಿಕಿರಿಯಾಗಿ ನಿಂತಿದೆ. ಎಷ್ಟೋ ಕಡೆ "ಒಪ್ಪಿದೆ" ಅನ್ನುವ ಗುಂಡಿ ದಪ್ಪ, "ಬೇಡ" ಅನ್ನುವುದನ್ನು ಹುಡುಕಬೇಕು.

ಇಂಥ ಕಣ್ಕಟ್ಟಿನ ವಿಷಯದಲ್ಲಿ ಭಾರತ ಚೆನ್ನಾಗಿಯೇ ಹೆಜ್ಜೆ ಇಟ್ಟಿದೆ. 2023ರ ನವೆಂಬರಿನಲ್ಲಿ ಬಂದ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ಬೇಡ ಅಂದಿದೆ. ಈಗಲೇ ಕೊಳ್ಳದಿದ್ದರೆ ಖಾಲಿಯಾಗುತ್ತದೆ ಅಂತ ಸುಳ್ಳು ಅವಸರ ಹುಟ್ಟಿಸುವುದು, ಹೇಳದೆ ಕೇಳದೆ ಬುಟ್ಟಿಗೆ ಇನ್ನೊಂದು ವಸ್ತು ಸೇರಿಸುವುದು, ಚಂದಾ ನಿಲ್ಲಿಸಲು ಬಿಡದೆ ಸುತ್ತಿಸುವುದು ಎಲ್ಲಾ ಅದರಲ್ಲಿವೆ. ತಂಬಾಕಿನಲ್ಲಿ ಭಾರತ ಇನ್ನೂ ಮುಂದೆ. 2016ರಿಂದ ಪ್ಯಾಕಿನ 85 ಶೇಕಡಾ ಜಾಗ ಎಚ್ಚರಿಕೆಗೇ ಮೀಸಲು. ಯುರೋಪಿನಲ್ಲಿ ಅದು 65. ಇ-ಸಿಗರೇಟನ್ನು 2019ರಲ್ಲಿ ಭಾರತ ಪೂರ್ತಿ ನಿಷೇಧಿಸಿತು. ಜರ್ಮನಿಯಲ್ಲಿ ಈಗಲೂ ಮಾರುತ್ತಾರೆ.

ಅಂದರೆ ಈ ದಾರಿ ನಮಗೆ ಹೊಸದೇನಲ್ಲ. ಸೇದುವವನಿಗೆ ಕಂಟ್ರೋಲ್ ಮಾಡ್ಕೋ ಅಂದು ಯಾರೂ ಕೈಕಟ್ಟಿ ಕೂರಲಿಲ್ಲ, ಪ್ಯಾಕನ್ನೇ ಬದಲಿಸಿದರು. ಕಿವಿ, ಕತ್ತು, ನಿದ್ದೆಯ ವಿಷಯ ಬಂದಾಗ ಮಾತ್ರ ಎಲ್ಲಾ ಭಾರ ಮನುಷ್ಯನ ಮೇಲೆ ಯಾಕೆ? ವಿಡಿಯೊ ತಾನಾಗಿ ಶುರುವಾಗುವುದು ಮೊದಲಿಂದಲೇ ಆಫ್ ಇರಲಿ, ಬೇಕಾದವರು ಆನ್ ಮಾಡಿಕೊಳ್ಳಲಿ. ಮನೆಯಿಂದ ಕೆಲಸ ಮಾಡಿಸುವ ಕಂಪನಿ ಲ್ಯಾಪ್‌ಟಾಪಿನ ಜೊತೆ ಒಂದು ಕೀಬೋರ್ಡು, ಒಂದು ಸ್ಟ್ಯಾಂಡು ಕೊಡಲಿ. ಇದಕ್ಕೆ ಕಾನೂನು ಬರುವ ತನಕ ಕಾಯಬೇಕಾಗೂ ಇಲ್ಲ. ನಾಲ್ಕು ಜನ ಸೇರಿ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಬರೆದು ಕೊಡಲು ಕೇಳಿ.