ಊರು ಕಂಡಿತು, ಮಾತು ಕೇಳಿಸಲಿಲ್ಲ

ಕಳೆದ ಆಷಾಢದಲ್ಲಿ ಶಿರಸಿಯ ಹತ್ತಿರದ ನಮ್ಮ ಮನೆಗೆ ರಜೆಯ ಮೇಲೆ ಹೋದಾಗ, ನಾನು ವಾಸವಾಗಿರುವ, ಬ್ರಿಟನ್ನಿನ ವೇಲ್ಸ್‌ನಲ್ಲಿ ತಯಾರಾದ ಒಂದು ಅಪರಾಧ ಧಾರಾವಾಹಿಯ ಕೆಲವು ಕಂತುಗಳನ್ನು ಲ್ಯಾಪ್‌ಟಾಪಿನಲ್ಲಿ ಒಯ್ದಿದ್ದೆ. ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಹೊಡೆಸುವುದಕ್ಕೆ ಮಳೆ ಹೊಳವಾಗಲೆಂದು ಎಲ್ಲರೂ ಕಾಯುತ್ತಿದ್ದ ದಿನಗಳವು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ದಿನವೂ ಬಂದು ಮುಗಿಲು ನೋಡಿ ತಿರುಗಿ ಹೋಗುತ್ತಿದ್ದ. ಕರೆಂಟು ಇದ್ದಷ್ಟು ಹೊತ್ತು ಆಯಿ, ಅಕ್ಕ ಮತ್ತು ಭಾವ ಜಗುಲಿಯಲ್ಲಿ ಕುಳಿತು ನನ್ನ ಜೊತೆ ಅದನ್ನು ನೋಡಿದರು. ಅವರು ಆಡಿದ ಮಾತುಗಳನ್ನೂ ಅದೇ ಧಾರಾವಾಹಿಯ ಬಗ್ಗೆ ನಾನಿರುವ ಊರಾದ ಅಬರಿಸ್ಟ್ವಿತ್‌ನ ನೆರೆಹೊರೆಯವರಿಂದ ನಾನು ವರ್ಷಗಟ್ಟಲೆ ಕೇಳಿದ ಮಾತುಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ತನ್ನ ಊರು ಪರದೆಯ ಮೇಲೆ ಬಂದಾಗ ನೋಡುಗ ಏನನ್ನು ಕೇಳಬೇಕು ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡತೊಡಗಿತು.

ವೇಲ್ಸ್ ನಾಡಿನ ಭಾಷೆಯಾದ ವೆಲ್ಶ್‌ನಲ್ಲಿ ಧಾರಾವಾಹಿಯ ಹೆಸರು 'ಅ ಗ್ವಿಲ್', ಅಂದರೆ ಮಬ್ಬುಗತ್ತಲು. ಇಂಗ್ಲಿಷಿನಲ್ಲಿ ಅದನ್ನು 'ಹಿಂಟರ್‌ಲ್ಯಾಂಡ್' ಎಂದು ಕರೆದರು. ಮಂಕು ಬೆಳಕು, ನಿಧಾನವಾದ ನಡೆ, ಹಳೆಯ ಅನ್ಯಾಯಗಳಲ್ಲಿ ಬೇರು ಬಿಟ್ಟ ಕೊಲೆಗಳು ಮತ್ತು ಒಳಗೊಳಗೇ ನೊಂದ ಪತ್ತೇದಾರ, ಇವುಗಳಿಂದ ಕೂಡಿದ 'ನ್ವಾರ್' ಎಂಬ ಕಪ್ಪು ಛಾಯೆಯ ಪ್ರಕಾರಕ್ಕೆ ಅದು ಸೇರುತ್ತದೆ. ಲಂಡನ್ನಿನಿಂದ ಬಂದ ಟಾಮ್ ಮಥಾಯಸ್ ಎಂಬ ಅಧಿಕಾರಿ ಕಡಲಂಚಿನ ಒಂದು ಕ್ಯಾರವಾನಿನಲ್ಲಿ ಒಬ್ಬನೇ ವಾಸಿಸುತ್ತ, ಸ್ಥಳೀಯಳಾದ ಮಾರೆಡ್ ರೀಸ್ ಎಂಬ ಸಹೋದ್ಯೋಗಿಯ ಜೊತೆ ತನಿಖೆ ನಡೆಸುತ್ತಾನೆ. ಕತೆ ನಡೆಯುವುದು ಅಬರಿಸ್ಟ್ವಿತ್ ಮತ್ತು ಅದರ ಹಿಂದಿನ ಕೆರೆಡಿಗಿಯೊನ್ ಗುಡ್ಡಗಳಲ್ಲಿ. ಮೊದಲ ಕತೆ, ಒಂದರ ಮೇಲೊಂದಾಗಿ ಮೂರು ಸೇತುವೆಗಳನ್ನು ಕಟ್ಟಿರುವ ಡೆವಿಲ್ಸ್ ಬ್ರಿಜ್ ಎಂಬ ಕಮರಿಯ ಊರಿನದು.

ಈ ಧಾರಾವಾಹಿಯ ಪ್ರತಿಯೊಂದು ದೃಶ್ಯವನ್ನೂ ಎರಡು ಸಲ ಚಿತ್ರಿಸಿದರು, ಒಮ್ಮೆ ಇಂಗ್ಲಿಷಿನಲ್ಲಿ ಮತ್ತು ಒಮ್ಮೆ ವೆಲ್ಶ್ ಭಾಷೆಯಲ್ಲಿ. ನಟರು ಅವರೇ, ಕೋಣೆ ಅದೇ, ಗಾಳಿ ಅದೇ, ಮಾತು ಮಾತ್ರ ಬೇರೆ. ವೆಲ್ಶ್ ಆವೃತ್ತಿ ಎಸ್‌4ಸಿ ವಾಹಿನಿಯಲ್ಲಿ 2013ರ ಅಕ್ಟೋಬರ್‌ನಲ್ಲಿ ಮೊದಲು ಪ್ರಸಾರವಾಯಿತು; ಅಲ್ಲಲ್ಲಿ ವೆಲ್ಶ್ ಮಾತುಗಳನ್ನು ಉಳಿಸಿಕೊಂಡ ಇಂಗ್ಲಿಷ್ ಆವೃತ್ತಿ ಬಿಬಿಸಿಯ ವೇಲ್ಸ್ ವಾಹಿನಿಯಲ್ಲಿ 2014ರ ಜನವರಿಯಲ್ಲಿ ಬಂದಿತು. ಅದೇ ಜನವರಿಯ ಆರಂಭದ ಬಿರುಗಾಳಿಗಳಿಗೆ ಅಬರಿಸ್ಟ್ವಿತ್‌ನ ಕಡಲದಂಡೆಯ ಹಾಸುಗಲ್ಲುಗಳು ಕಿತ್ತುಹೋಗಿ, ದಂಡೆಯ ವಸತಿನಿಲಯಗಳಲ್ಲಿದ್ದ ವಿದ್ಯಾರ್ಥಿಗಳನ್ನು ಬೇರೆಡೆಗೆ ಸಾಗಿಸಬೇಕಾಗಿ ಬಂದಿತ್ತು.

ಎಸ್‌4ಸಿ ಎಂಬ ವೆಲ್ಶ್ ವಾಹಿನಿ ಯಾರೋ ಕೈಯೆತ್ತಿ ಕೊಟ್ಟದ್ದಲ್ಲ. ವಾಹಿನಿಯ ಭರವಸೆ ಕೊಟ್ಟಿದ್ದ ಬ್ರಿಟಿಷ್ ಸರ್ಕಾರ ಹಿಂದೆ ಸರಿದಾಗ, 1980ರಲ್ಲಿ ಗ್ವಿನ್‌ವೊರ್ ಇವಾನ್ಸ್ ಎಂಬ ಹಿರಿಯ ರಾಜಕಾರಣಿ ಆಮರಣ ಉಪವಾಸ ಕೂರುವುದಾಗಿ ಘೋಷಿಸಿದ ಮೇಲೆ ಸರ್ಕಾರ ಮಣಿಯಿತು. ವಾಹಿನಿ ಆರಂಭವಾದದ್ದು 1982ರ ನವೆಂಬರ್ 1ರಂದು. ಪ್ರತಿ ರಾಜ್ಯೋತ್ಸವದ ದಿನ ನನಗೆ ಇದು ನೆನಪಾಗುತ್ತದೆ, ಏಕೆಂದರೆ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆ ಕನ್ನಡ ನಾಡಿನೊಳಗೆ ಬಂದದ್ದೂ 1956ರ ಅದೇ ತಾರೀಖಿನಂದು.

ಹೀಗೆ ಪಡೆದ ವಾಹಿನಿಯಾದ್ದರಿಂದಲೋ ಏನೋ, ಅಲ್ಲಿನ ನೋಡುಗರು ತಮ್ಮ ಧಾರಾವಾಹಿಯನ್ನು ನೋಡುವ ರೀತಿಯೇ ಬೇರೆ. ನಮ್ಮ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಮೊದಲ ಕಂತು ಮುಗಿದ ಮರುದಿನ ಅವರು ಕೊಲೆಗಾರನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಯಾವ ಪಾತ್ರ ಯಾವ ಸೀಮೆಯ ವೆಲ್ಶ್ ಮಾತಾಡಿತು ಎಂಬುದರ ಬಗ್ಗೆಯೇ ಮಾತಾಡಿದರು. 'ಈಗ' ಎನ್ನಲು ದಕ್ಷಿಣದವರು 'ನಾವರ್' ಎಂದರೆ ಉತ್ತರದವರು 'ರುವಾನ್' ಎನ್ನುತ್ತಾರೆ. ಹಾಲಿಗೂ ಎರಡು ಕಡೆ ಎರಡು ಹೆಸರುಗಳಿವೆ. ಎರಡು ಸೀಮೆಗಳ ನಡುವೆ ಇರುವ ಕೆರೆಡಿಗಿಯೊನ್‌ನ ರೈತನ ಬಾಯಲ್ಲಿ ಯಾವ ಪದ ಬರಬೇಕು ಎಂಬುದು ಅವರಿಗೆ ಕೊಲೆಯ ಒಗಟಿನಷ್ಟೇ ಗಂಭೀರವಾದ ವಿಷಯವಾಗಿತ್ತು. ಬೇರೆಯವರಿಂದ ಬೇರೆ ತಕರಾರುಗಳನ್ನೂ ಕೇಳಿದ್ದೇನೆ. ಇಡೀ ಕಂತಿನಲ್ಲಿ ಒಬ್ಬರೂ ನಗುವುದಿಲ್ಲ. ವಿದ್ಯಾರ್ಥಿಗಳಿಂದ ತುಂಬಿದ ಊರನ್ನು ಜನರೇ ಇಲ್ಲದ ಊರಿನಂತೆ ತೋರಿಸಿದ್ದಾರೆ. ಗುಡ್ಡದ ಒಂಟಿ ಮನೆಯವರೆಲ್ಲ ಮನಸ್ಸಿನಲ್ಲಿ ವಿಷ ತುಂಬಿಕೊಂಡವರಂತೆ ಕಾಣುತ್ತಾರೆ. ನಿಧಾನ ಹೆಚ್ಚಾಯಿತು ಎಂದವರೂ, ಆ ನಿಧಾನವೇ ನಮ್ಮ ನಾಡಿನ ಉಸಿರು ಎಂದು ವಾದಿಸಿದವರೂ ಇದ್ದರು. ಆದರೆ ತಮ್ಮ ಊರನ್ನು ತೋರಿಸಿದರಲ್ಲ, ಅಷ್ಟೇ ಸಾಕು ಎಂದವರನ್ನು ನಾನು ಅಲ್ಲಿ ಕಾಣಲಿಲ್ಲ.

ಎರಡು ಆವೃತ್ತಿಗಳನ್ನೂ ನೋಡಿದ ಕನ್ನಡಿಗನಾಗಿ ನನಗೆ ಹೊಳೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ವೆಲ್ಶ್ ಭಾಷೆಯಲ್ಲಿ ನಮ್ಮಂತೆಯೇ 'ನೀನು' ಮತ್ತು 'ನೀವು' ಇವೆ: ಆಪ್ತರಿಗೆ 'ಟಿ', ಅಪರಿಚಿತರಿಗೆ ಮತ್ತು ಹಿರಿಯರಿಗೆ 'ಖಿ'. ಇಂಗ್ಲಿಷಿಗೆ ಈ ಭೇದ ಉಳಿದಿಲ್ಲ. ವಿಚಾರಣೆಯ ಕೋಣೆಯಲ್ಲಿ ಪೊಲೀಸ್ ಅಧಿಕಾರಿ ಎದುರಿನವರನ್ನು ಯಾವುದರಿಂದ ಸಂಬೋಧಿಸುತ್ತಾನೆ, ಪ್ರಶ್ನೆ ಬಿಗಿಯಾದಂತೆ ಅದು ಬದಲಾಗುತ್ತದೆಯೇ ಎಂಬುದರಲ್ಲೇ ಅರ್ಧ ನಾಟಕ ಅಡಗಿರುತ್ತದೆ. ಠಾಣೆಯ ಮೆಟ್ಟಿಲು ಹತ್ತಿದ ಕನ್ನಡಿಗರಿಗೆಲ್ಲ 'ಕೂತ್ಕೊಳ್ಳಿ' ಮತ್ತು 'ಕೂತ್ಕೋ' ಎಂಬುದರ ನಡುವಿನ ದೂರ ಎಷ್ಟೆಂಬುದು ಗೊತ್ತು. ಹಾಗಾಗಿ ಇಂಗ್ಲಿಷ್ ಆವೃತ್ತಿಯಲ್ಲಿ ಬರೀ ಮೌನದಂತೆ ಕಂಡ ಕೆಲವು ಗಳಿಗೆಗಳು ವೆಲ್ಶ್ ಆವೃತ್ತಿಯಲ್ಲಿ ನನಗೆ, ಆ ಭಾಷೆ ಅರೆಬರೆ ಬರುವವನಿಗೂ, ಹೆಚ್ಚು ಮಾತಾಡಿದವು.

ನಮ್ಮ ಜಗುಲಿಯ ಪ್ರತಿಕ್ರಿಯೆ ಬೇರೆ ದಿಕ್ಕಿನಿಂದ ಬಂದಿತು. ಅಧಿಕಾರಿಗಳು ಮೂರನೆಯ ಮನೆಗೆ ಹೋಗಿ ನಿಂತೇ ಪ್ರಶ್ನೆ ಕೇಳಿ ಹೊರಬಿದ್ದಾಗ ಆಯಿ ನನ್ನ ಕಡೆ ತಿರುಗಿ, "ತಮಾ, ಮನೆಗೆ ಬಂದವ್ಕೆ ಇವು ಆಸ್ರಿಗೂ ಕೇಳ್ತ್ವಿಲ್ಯ?" ಎಂದು ಬೇಸರದಿಂದ ಕೇಳಿದಳು. ಬಂದವರು ಪೊಲೀಸರೇ ಆಗಲಿ, ಸಾಲ ಕೇಳುವವರೇ ಆಗಲಿ, ಮೊದಲು ಆಸರಿಗೆ, ಅಂದರೆ ಕುಡಿಯಲು ಏನಾದರೂ, ಆಮೇಲೆ ಎಲೆಯಡಿಕೆಯ ಕವಳದ ತಬಕು, ಆಮೇಲೆ ವಿಷಯ ಎಂಬ ಕ್ರಮದಲ್ಲಿ ಬದುಕಿದವಳಿಗೆ ಆ ಮನೆಯವರ ವರ್ತನೆಯೇ ಅನುಮಾನಕ್ಕೆ ಕಾರಣವಾಗಿತ್ತು. ಕಾರವಾರದಲ್ಲಿ ಗೆಳೆಯನ ಮನೆಗೆ ಹೋದಾಗ ಅವನ ತಂದೆಗೂ ಒಂದು ಕಂತನ್ನು ತೋರಿಸಿದೆ. ಅವರು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಅಧಿಕಾರಿ ಪಂಚರಿಲ್ಲದೆ ಒಬ್ಬನೇ ಒಳನುಗ್ಗಿ ವಸ್ತುಗಳನ್ನು ಮುಟ್ಟಿದ್ದನ್ನು ಕಂಡು ಅವರು ಕುರ್ಚಿಯಲ್ಲಿ ಮುಂದೆ ಬಾಗಿ, "ಇಲ್ಲಿ ಪಂಚನಾಮೆ ಮಾಡುವವರು ಯಾರು? ನಾಳೆ ಕೋರ್ಟಿನಲ್ಲಿ ಇದು ನಿಲ್ಲುತ್ತದೆಯೇ?" ಎಂದರು. ಆಯಿಯ ಪ್ರಶ್ನೆಯನ್ನೂ ಅವರ ಪ್ರಶ್ನೆಯನ್ನೂ ನಾನು ಬಹಳ ಗೌರವದಿಂದ ನೆನೆಯುತ್ತೇನೆ. ತಾವು ಬದುಕಿದ ಬದುಕನ್ನು ಅಳತೆಗೋಲಾಗಿ ಹಿಡಿದು ನೋಡುವವರು ಅವರು.

ಆದರೆ ನಮ್ಮ ಊರೇ ಪರದೆಯ ಮೇಲೆ ಬಂದಾಗ ಈ ಅಳತೆಗೋಲನ್ನು ನಾವು ಕೆಳಗಿಟ್ಟುಬಿಡುತ್ತೇವೆ. ನನ್ನ ತಕರಾರು ಇಷ್ಟೇ. 1990ರ ದಶಕದಲ್ಲಿ ಯಾಣದ ಕಪ್ಪು ಬಂಡೆಗಳು ಚಲನಚಿತ್ರವೊಂದರಲ್ಲಿ ಕಂಡಾಗ ನಮ್ಮ ಸೀಮೆಯಲ್ಲೆಲ್ಲ ಆದ ಸಂಭ್ರಮದಲ್ಲಿ ನಾನೂ ಇದ್ದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನು ನಾಡಿನವರೆಲ್ಲ ನೋಡಿದರೆಂಬ ಹೆಮ್ಮೆ ಸಹಜವೇ. ಅಂದಿನಿಂದ ಇಂದಿನವರೆಗೆ ಗೋಕರ್ಣದ ದಂಡೆ, ಮಿರ್ಜಾನ್ ಕೋಟೆ, ಹೊನ್ನಾವರದ ಶರಾವತಿ ಅಳಿವೆ, ದೇವಿಮನೆ ಘಟ್ಟದ ತಿರುವುಗಳು, ಕಾರವಾರದ ಕಾಳಿ ನದಿ ಹೀಗೆ ಎಲ್ಲವೂ ಕ್ಯಾಮೆರಾಕ್ಕೆ ಸಿಕ್ಕಿವೆ. ಪ್ರತಿ ಸಲವೂ ನಾವು, "ಅದು ನಮ್ಮ ಬಂದರು, ಇದು ನಮ್ಮ ಘಟ್ಟ" ಎಂದು ಬೆರಳು ತೋರಿಸಿ ಸಂತೋಷಪಟ್ಟಿದ್ದೇವೆ. ಆ ದಂಡೆಯಲ್ಲಿ ನಿಂತ ಮೀನುಗಾರ ಬೆಂಗಳೂರಿನ ಕನ್ನಡ ಮಾತಾಡಿದರೆ, ಅಡಿಕೆ ತೋಟದ ಯಜಮಾನ ಮೈಸೂರಿನವನಂತೆ ಮಾತಾಡಿದರೆ, ಇದು ನಮ್ಮವರ ಮಾತಲ್ಲ ಎಂದು ಹೇಳಿದ್ದು ಅಪರೂಪ. ನಮ್ಮ ಊರು ಬೇರೆಯವರ ಕತೆಗೆ ಹಿಂದಿನ ಪರದೆಯಾಗುವುದಕ್ಕೆ ನಾವು ಒಪ್ಪಿಕೊಂಡುಬಿಟ್ಟಿದ್ದೇವೆ.

ಅಪರಾಧದ ಕತೆಗೆ ಬಂದಾಗ ಈ ಒಪ್ಪಿಗೆಯಿಂದ ಆಗುವ ನಷ್ಟ ದೊಡ್ಡದು, ಏಕೆಂದರೆ ಅಲ್ಲಿ ಸಾಕ್ಷಿಯ ಮಾತೇ ಪುರಾವೆ. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಹವ್ಯಕ ಮಾತಿನಲ್ಲಿ ಮನೆಯ ಹೆಂಗಸರನ್ನು ನಪುಂಸಕ ಲಿಂಗದಲ್ಲಿ ಹೇಳುವುದು ರೂಢಿ. ಅದರಲ್ಲಿ ಅಗೌರವದ ಸೋಂಕೂ ಇಲ್ಲ, ಸಲಿಗೆ ಮತ್ತು ಪ್ರೀತಿ ಮಾತ್ರ ಇದೆ. ಬಯಲುಸೀಮೆಯಿಂದ ವರ್ಗವಾಗಿ ಬಂದ ಇನ್‌ಸ್ಪೆಕ್ಟರ್ ಒಬ್ಬ ಶಿರಸಿ ಕಡೆಯ ಒಂದು ಒಂಟಿ ಮನೆಯ ಅಂಗಳದಲ್ಲಿ ಕೊಡೆ ಹಿಡಿದು ನಿಂತು, ನಿನ್ನೆ ರಾತ್ರಿ ಇಲ್ಲಿಗೆ ಯಾರು ಬಂದಿದ್ದರು ಎಂದು ಕೇಳುತ್ತಾನೆಂದು ಇಟ್ಟುಕೊಳ್ಳಿ. ಜಗುಲಿಯ ಮೇಲಿನ ಮುದುಕ ಸೊಸೆಯ ಕಡೆ ನೋಡದೆಯೇ, "ಅದು ಬಂದಿತ್ತು" ಎನ್ನುತ್ತಾನೆ. ಇನ್‌ಸ್ಪೆಕ್ಟರ್ 'ಯಾವುದು?' ಎಂದು ಕೇಳಿದ ಗಳಿಗೆಯಲ್ಲೇ ಅವನು ಹೊರಗಿನವನೆಂದೂ, ಈ ಮನೆಯಲ್ಲಿ ಅವನಿಗೆ ಅರ್ಧ ಮಾತ್ರ ಕೇಳಿಸುತ್ತದೆಂದೂ ಎಲ್ಲರಿಗೂ ತಿಳಿಯುತ್ತದೆ. ಅದೇ ಅಧಿಕಾರಿ ಮರುದಿನ ಘಟ್ಟ ಇಳಿದು ಕಾರವಾರದ ಬೈತಖೋಲ ಬಂದರಿಗೆ ಹೋದರೆ, ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧದಿಂದ ಬೋಟುಗಳನ್ನು ಕಟ್ಟಿಹಾಕಿ ಬಲೆ ಹೆಣೆಯುತ್ತ ಕುಳಿತವರು ಅವನಿಗೆ, "ಮಾಕಾ ಖಬರ್ ನಾ" ಎಂದು ಕೊಂಕಣಿಯಲ್ಲಿ ಹೇಳಿ ಮತ್ತೆ ಬಲೆಯ ಕಡೆ ತಿರುಗಬಹುದು. ನಿಜವಾಗಿ ಗೊತ್ತಿಲ್ಲವೋ, ಗೊತ್ತಿದ್ದೂ ಹೇಳಲಾರರೋ ಎಂಬುದು ಆ ದನಿಯಲ್ಲಿರುತ್ತದೆ. ನಾಡವರ ಮಾತು, ಹಾಲಕ್ಕಿಗಳ ಮಾತು, ಭಟ್ಕಳದ ನವಾಯತಿ, ಯಲ್ಲಾಪುರ ಮತ್ತು ಹಳಿಯಾಳದ ಕಾಡಂಚಿನ ಸಿದ್ದಿಗಳ ಮಾತು, ಹೀಗೆ ಒಂದೇ ಜಿಲ್ಲೆಯಲ್ಲಿ ಇಷ್ಟು ದನಿಗಳಿರುವಾಗ ಎಲ್ಲರ ಬಾಯಿಗೂ ಒಂದೇ ಕನ್ನಡವನ್ನು ತುರುಕಿದರೆ ಪತ್ತೇದಾರನಿಗೆ ಪತ್ತೆ ಮಾಡಲು ಉಳಿಯುವುದಾದರೂ ಏನು?

ಕಪ್ಪು ಛಾಯೆಯ ಕತೆಗೆ ಬೇಕಾದ ಹಳೆಯ ನೋವೂ ನಮ್ಮಲ್ಲಿದೆ. ಅಬರಿಸ್ಟ್ವಿತ್‌ನಿಂದ ದಕ್ಷಿಣಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ಮುರುಕು ಗೋಡೆಯ ಮೇಲೆ 'ಟ್ರವೆರಿನ್ ಅನ್ನು ನೆನಪಿಡಿ' ಎಂಬರ್ಥದ ವೆಲ್ಶ್ ಬರಹವಿದೆ. ಲಿವರ್‌ಪೂಲ್ ನಗರಕ್ಕೆ ನೀರು ಒದಗಿಸಲು 1965ರಲ್ಲಿ ಮುಳುಗಿಸಿದ ಕಪೆಲ್ ಕೆಲಿನ್ ಎಂಬ ಹಳ್ಳಿಯಿದ್ದ ಕಣಿವೆಯ ಹೆಸರದು. ಹಾಗಾಗಿ ಗುಡ್ಡಗಳ ನಡುವೆ ನಿಂತ ನೀರು ಧಾರಾವಾಹಿಯಲ್ಲಿ ಕಂಡಾಗ ನನ್ನ ನೆರೆಯ ಶಿಕ್ಷಕಿಗೆ ಅದು ಬರೀ ಚೆಂದದ ನೋಟವಾಗಿ ಕಾಣಲಿಲ್ಲ. ಅದೇ ನೋಟ ಬಂದಾಗ ನಮ್ಮ ಜಗುಲಿಯಲ್ಲೂ ಮಾತು ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಭಾವ ಒಂದೇ ಮಾತು ಹೇಳಿದ, "ಸೂಪಾ." 1980ರ ದಶಕದಲ್ಲಿ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಸೂಪಾ ಪೇಟೆಯನ್ನು ಅವನು ಕಣ್ಣಾರೆ ಕಂಡವನಲ್ಲ, ಕೇಳಿ ಬಲ್ಲವನು. ಮುಳುಗಿದ ಊರು, ನೌಕಾನೆಲೆಗಾಗಿ ಎದ್ದುಹೋದ ಕಡಲದಂಡೆಯ ಹಳ್ಳಿಗಳು, ಪರಿಹಾರದ ಕಾಗದಪತ್ರಗಳು, ಒಡೆದ ಕುಟುಂಬಗಳು, ಇವೆಲ್ಲ ಕತೆಗಾರನೊಬ್ಬನಿಗಾಗಿ ಕಾದು ಕುಳಿತಿವೆ.

ಇಷ್ಟು ಸಣ್ಣ ಸೀಮೆಯ ಮಾತು ಉಳಿದವರಿಗೆ ಅರ್ಥವಾಗುವುದಿಲ್ಲ ಎಂಬ ಆಕ್ಷೇಪವನ್ನು ನಾನು ಅನೇಕ ಸಲ ಕೇಳಿದ್ದೇನೆ ಮತ್ತು ಅದನ್ನು ಒಪ್ಪುವುದಿಲ್ಲ. 2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ವೆಲ್ಶ್ ಬಲ್ಲವರು ಸುಮಾರು 5,38,000 ಮಂದಿ, ಅಂದರೆ ಶೇ. 17.8. ಉತ್ತರ ಕನ್ನಡ ಜಿಲ್ಲೆಯೊಂದರ ಜನಸಂಖ್ಯೆಯೇ 2011ರಲ್ಲಿ 14 ಲಕ್ಷ ದಾಟಿತ್ತು. ಅಷ್ಟು ಕಡಿಮೆ ಜನರ ಭಾಷೆಯಲ್ಲಿ ತಯಾರಾದ ಧಾರಾವಾಹಿಯನ್ನು, ಈ ಪ್ರಕಾರಕ್ಕೆ ಹೆಸರಾದ ಡೆನ್ಮಾರ್ಕಿನ ಸಾರ್ವಜನಿಕ ವಾಹಿನಿಯೂ ಕೊಂಡುಕೊಂಡಿತು. ವೇಲ್ಸ್‌ನವರಿಗೆ ಸಾರ್ವಜನಿಕ ಹಣದ ಬೆಂಬಲವಿದೆ, ನಮ್ಮ ಖಾಸಗಿ ವಾಹಿನಿಗಳಿಗೆ ಜಾಹೀರಾತಿನ ಲೆಕ್ಕವಿದೆ ಎಂಬುದು ನಿಜ. ಆ ವ್ಯತ್ಯಾಸವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಅರ್ಥವಾಗುವುದಿಲ್ಲ ಎಂಬ ವಾದಕ್ಕೆ ನಮ್ಮಲ್ಲೇ ಉತ್ತರ ಸಿಕ್ಕಿದೆ. 2022ರ 'ಕಾಂತಾರ' ಕುಂದಾಪುರ ಸೀಮೆಯ ಕನ್ನಡವನ್ನು ಹೊತ್ತುಕೊಂಡೇ ಬಂದಿತು, ಬೀದರಿನವರೂ ಚಾಮರಾಜನಗರದವರೂ ಅದನ್ನು ನೋಡಿದರು. ಅಲ್ಲಿಂದ ಗಡಿ ದಾಟಿದರೆ ಭಟ್ಕಳ, ನಮ್ಮ ಜಿಲ್ಲೆ. ಕುಂದಾಪುರದ ಮಾತನ್ನು ಪ್ರೀತಿಯಿಂದ ಕೇಳಿಸಿಕೊಂಡ ಕಿವಿಗಳು ಕುಮಟೆಯ ಮಾತಿಗೆ ಮುಚ್ಚಿಕೊಳ್ಳುತ್ತವೆ ಎಂದು ನಾನು ನಂಬಲಾರೆ.

ನಾನು ಹೊರಡುವ ಹಿಂದಿನ ಸಂಜೆ ಉಳಿದ ಒಂದು ಕಂತನ್ನು ನೋಡಲು ಕುಳಿತೆವು. ಭಾವನಿಗೆ ಮತ್ತು ಅಕ್ಕನಿಗೆ ಸಂಭಾಷಣೆ ತಿಳಿಯಲಿ ಎಂದು ನಾನು ಇಂಗ್ಲಿಷ್ ಆವೃತ್ತಿಯನ್ನು ಹಾಕಿದೆ. ಐದು ನಿಮಿಷ ಕಳೆದಿರಬೇಕು, ವೆಲ್ಶ್ ಇರಲಿ, ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದ ಆಯಿ, ಅಡಿಕೆ ಕತ್ತರಿಸುತ್ತಿದ್ದ ಕೈಯನ್ನು ನಿಲ್ಲಿಸಿ, ಇದು ಬೇಡ, ಮೊನ್ನೆ ಹಾಕಿದ್ದನ್ನು ಹಾಕು ಎಂದಳು. ಯಾಕೆಂದು ಕೇಳಿದ್ದಕ್ಕೆ, ಅದರಲ್ಲಿ ಅವರು ಮನೆಯಲ್ಲಿ ಮಾತಾಡಿದ ಹಾಗೆ ಕೇಳಿಸುತ್ತಿತ್ತು, ಇದರಲ್ಲಿ ಎಲ್ಲರೂ ಆಫೀಸಿನಲ್ಲಿ ಮಾತಾಡಿದ ಹಾಗೆ ಕೇಳಿಸುತ್ತದೆ ಎಂದಳು. ಭಾವ ಏನೂ ಹೇಳದೆ ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿದ. ನಾನು ವೆಲ್ಶ್ ಆವೃತ್ತಿಯನ್ನು ಹಾಕಿ, ಕರೆಂಟು ಹೋಗುವ ತನಕ ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ.