ಒಂದಕ್ಕೆ ಎರಡು ಸಲ, ಎರಡಕ್ಕೆ ಒಂದು ಸಲ

ಬಾಯೊಳಗೆ ಇರುವಷ್ಟು ಹೊತ್ತು ಅದು ಲಾಲಾರಸ. ತುಟಿಯಂಚು ದಾಟಿ ಗಲ್ಲಕ್ಕಿಳಿದರೆ ಜೊಲ್ಲು. ಬೇಕೆಂದೇ ಹೊರಗೆ ಹಾಕಿದರೆ ಉಗುಳು. ಇನ್ನೊಬ್ಬರ ಲೋಟದ ಅಂಚಿಗೆ ತಾಕಿತೋ, ಎಂಜಲು. ಪದಾರ್ಥ ಒಂದೇ, ಅದರಲ್ಲೂ ಬಹುಪಾಲು ಬರೀ ನೀರು. ವಿಳಾಸ ಬದಲಾದಂತೆ ಹೆಸರೂ ಬದಲು, ಮರ್ಯಾದೆಯೂ ಬದಲು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಊರುವ ಇದನ್ನು ಎಚ್ಚರವಿದ್ದಾಗ ಎಲ್ಲರೂ ಸದ್ದಿಲ್ಲದೆ ನುಂಗುತ್ತಿರುತ್ತಾರೆ. ನಿದ್ದೆಯಲ್ಲಿ ಊರುವುದು ಕಡಿಮೆಯಾಗುತ್ತದೆ ನಿಜ, ಆದರೆ ನುಂಗುವುದೂ ಅಪರೂಪವಾಗುತ್ತದೆ. ಮಗ್ಗುಲಾಗಿ, ಬಾಯಿ ತೆರೆದು ಮಲಗಿದವರ ದಿಂಬಿನ ಮೇಲೆ ಬೆಳಗಾಗುವಷ್ಟರಲ್ಲಿ ಒಂದು ದ್ವೀಪದ ನಕಾಶೆ ಸಿದ್ಧ.

ಕಣ್ಣೀರಿನ ಕಥೆ ಇನ್ನೂ ಕರುಣಾಜನಕ. ಕಣ್ಣಲ್ಲಿರುವಾಗ ಅದಕ್ಕೆ ಕಾವ್ಯದ ಗೌರವ. ಆದರೆ ರೆಪ್ಪೆಗಳ ಒಳಮೂಲೆಯಲ್ಲಿ, ಮೂಗಿನ ಪಕ್ಕದಲ್ಲಿ, ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿವೆ, ಮೇಲೊಂದು ಕೆಳಗೊಂದು. ಅಲ್ಲಿಂದ ಹೊರಟ ಕೊಳವೆ ನೇರ ಮೂಗಿನೊಳಗೆ ತೆರೆದುಕೊಳ್ಳುತ್ತದೆ. ಹಾಗಾಗಿ ಗಳಗಳ ಅಳುವವರ ಮೂಗು ಸೋರದೆ ಇರುವುದಿಲ್ಲ. ಕವಿಗಳು ಕೆನ್ನೆಯ ಮೇಲೆ ಜಾರಿದ ಅರ್ಧವನ್ನಷ್ಟೇ ಹಾಡಿದರು. ಇನ್ನರ್ಧ ಸಿಂಬಳದೊಂದಿಗೆ ಸೇರಿ ಕರವಸ್ತ್ರದ ಪಾಲಾಯಿತು. ಕಣ್ಣಿಗೆ ಹಾಕಿದ ಔಷಧ ಗಂಟಲಲ್ಲಿ ಕಹಿಯಾಗುವುದೂ ಇದೇ ದಾರಿಯಿಂದ. ಹನಿ ಬಿಟ್ಟ ಕೂಡಲೇ ಕಣ್ಣು ಮುಚ್ಚಿ, ಆ ಒಳಮೂಲೆಯನ್ನು ಬೆರಳಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಔಷಧ ಕಣ್ಣಲ್ಲೇ ಉಳಿಯುತ್ತದೆ. ಒಂದು ಹನಿ ಎಂದು ಬರೆದಿದ್ದರೆ ಒಂದೇ ಹನಿ. ಕಣ್ಣಿನ ಅಂಚಿನಲ್ಲಿ ಒಂದು ಹನಿಗೇ ಪೂರ್ತಿ ಜಾಗವಿಲ್ಲ, ಎರಡನೆಯದು ಕೆನ್ನೆಗೆ ಅಭಿಷೇಕ.

ಈ ಹೆಸರುಗಳ ಅವಾಂತರ ನಿಜವಾಗಿ ಬಯಲಾಗುವುದು ಲ್ಯಾಬಿನ ಕಿಟಕಿಯ ಮುಂದೆ. ಕಫ ತನ್ನಿ ಎಂದು ಡಬ್ಬಿ ಕೊಟ್ಟು ಕಳಿಸಿದರೆ ಬರುವುದು ಎಷ್ಟೋ ಸಲ ಎಂಜಲು, ಇಲ್ಲವೇ ಮೂಗಿನಿಂದ ಹಿಂದಕ್ಕೆಳೆದ ಸಿಂಬಳ. ತಂದವರ ತಪ್ಪಲ್ಲ, ಆಡುಮಾತಿನಲ್ಲಿ ಅಂಟಂಟಾದದ್ದೆಲ್ಲ ಕಫವೇ. ಪರೀಕ್ಷೆಗೆ ಬೇಕಾದದ್ದು ಎದೆಯ ಆಳದಿಂದ ಬಂದದ್ದು. ಬೆಳಗ್ಗೆ ಎದ್ದೊಡನೆ, ಏನನ್ನೂ ತಿನ್ನುವ ಮೊದಲು, ಬರೀ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಹಿಡಿದು, ಬಿಟ್ಟು, ಕೊನೆಯದರಲ್ಲಿ ಹೊಟ್ಟೆಯಿಂದ ಬಲಕೊಟ್ಟು ಕೆಮ್ಮಬೇಕು. ಗಂಟಲು ಕೆರೆದು "ಖ್ಯಾಕ್" ಎಂದರೆ ಸಾಲದು, ಅದು ಸಭೆಯಲ್ಲಿ ಭಾಷಣಕ್ಕೆ ಮೊದಲು ಮಾಡುವ ಕೆಲಸ. ಎರಡರಿಂದ ಐದು ಮಿಲಿ, ಅಂದರೆ ಚಿಕ್ಕ ಚಮಚದಷ್ಟು, ಗಟ್ಟಿಯಾಗಿ ಬಂದರೆ ಸಾಕು. ನೊರೆನೊರೆಯಾಗಿ, ತೆಳ್ಳಗೆ, ಡಬ್ಬಿ ಅಲ್ಲಾಡಿಸಿದರೆ ನೀರಿನಂತೆ ಓಡಾಡಿದರೆ ಅದು ಉಗುಳು. ಡಬ್ಬಿ ತುಂಬಿಸಿ ತಂದು ಸೈ ಎನಿಸಿಕೊಳ್ಳಲು ಹೊರಟರೂ ಸೂಕ್ಷ್ಮದರ್ಶಕ ಮೋಸಹೋಗುವುದಿಲ್ಲ. ಬಾಯಿಯ ಒಳಪದರದ ಚಪ್ಪಟೆ ಜೀವಕೋಶಗಳು ರಾಶಿಯಾಗಿ ಕಂಡರೆ ಮಾದರಿ ವಾಪಸು.

ಇನ್ನು ಮೂತ್ರ. ಈ ಪದವನ್ನು ಬಾಯಿಬಿಟ್ಟು ಹೇಳಲು ನಾಚಿಕೆ, ಉಚ್ಚೆ ಎನ್ನಲು ಮತ್ತಷ್ಟು ನಾಚಿಕೆ, ಅದಕ್ಕೇ ಲೆಕ್ಕದ ಭಾಷೆ. "ನಿನ್ನೆಯಿಂದ ಒಂದಕ್ಕೆ ಎರಡು ಸಲ, ಎರಡಕ್ಕೆ ಒಂದು ಸಲ ಡಾಕ್ಟ್ರೇ" ಎಂದು ರೋಗಿ ಹೇಳಿದರೆ ವೈದ್ಯರು ಮಗ್ಗಿ ನೆನಪಿಸಿಕೊಂಡು ಬರೆದುಕೊಳ್ಳಬೇಕು. ಇಷ್ಟೂ ಬೇಡವೆಂದವರು "ನೀರು ಹೋಗ್ತಿದೆ" ಎಂದುಬಿಡುತ್ತಾರೆ. ಎಲ್ಲಿಂದ? ಕಣ್ಣಿಂದಲೋ, ಕಿವಿಯಿಂದಲೋ, ಭೇದಿಯೋ? ಬಸುರಿ ಹಾಗೆಂದರೆ ಗರ್ಭದ ನೀರು ಒಡೆದಿರಲೂಬಹುದು, ಆಗ ಲೆಕ್ಕಾಚಾರಕ್ಕೆ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು. ನೀರು ಎಂಬ ಒಂದು ಪದಕ್ಕೆ ಇಷ್ಟು ಹೊರೆ ಹೊರಿಸಿದ್ದು ನಮ್ಮ ಸಂಕೋಚವೇ.

ಸೋಂಕಿನ ಪರೀಕ್ಷೆಗೆ ಬೇಕಾದದ್ದು ನಡುಧಾರೆ. ಮೊದಲು ಬರುವುದನ್ನು ಬಿಟ್ಟುಬಿಡಬೇಕು, ಅದು ಹೊರಬಾಗಿಲಿನ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳನ್ನು ತೊಳೆದುಕೊಂಡು ಬರುತ್ತದೆ. ಧಾರೆ ನಿಲ್ಲಿಸದೆ ನಡುವೆ ಡಬ್ಬಿ ಹಿಡಿದು, ಕಾಲುಭಾಗವೋ ಅರ್ಧವೋ ಆದೊಡನೆ ಆಚೆಗೆಳೆಯಬೇಕು. ಕೊಟ್ಟ ಡಬ್ಬಿಯನ್ನು ಕಂಠಮಟ್ಟ ತುಂಬಿಸುವುದು ಪ್ರಾಮಾಣಿಕತೆ ಎಂದುಕೊಂಡವರು ಮುಚ್ಚಳ ತಿರುಗಿಸುವಾಗ ಅದರ ಫಲ ಬೆರಳ ಮೇಲೆ ಕಾಣುತ್ತಾರೆ.

ಇಡೀ ದಿನದ ಮೂತ್ರವನ್ನು ಕೂಡಿಡುವ 24 ಗಂಟೆಯ ಸಂಗ್ರಹದಲ್ಲಿ ಎಡವಟ್ಟು ಮೊದಲ ನಿಮಿಷದಲ್ಲೇ. ಬೆಳಗ್ಗೆ ಎದ್ದು ಮಾಡಿದ್ದನ್ನು ಡಬ್ಬಿಗೆ ಹಾಕಬಾರದು. ಗಂಟೆ ಎಷ್ಟೆಂದು ಬರೆದುಕೊಂಡು ಚೆಲ್ಲಬೇಕು. ಅದು ಹಿಂದಿನ ರಾತ್ರಿಯ ಬಾಬತ್ತು. ಅಲ್ಲಿಂದ ಮುಂದಿನದ್ದೆಲ್ಲ ಡಬ್ಬಿಗೆ, ಮರುದಿನ ಅದೇ ಹೊತ್ತಿನದ್ದೂ ಸೇರಿ. ಮೊದಲಿನದನ್ನೂ ಹಾಕಿದರೆ ಎರಡು ರಾತ್ರಿಯ ಲೆಕ್ಕ ಒಂದೇ ದಿನಕ್ಕೆ ಬೀಳುತ್ತದೆ. ನಡುವೆ ಒಂದು ಸಲ ಮರೆತರೆ ಅಂದಾಜಿನಲ್ಲಿ ನೀರು ಬೆರೆಸಿ ಸರಿದೂಗಿಸುವಂತಿಲ್ಲ, ಹೊಸ ಡಬ್ಬಿ ಕೇಳಿ ಪುನಃ ಶುರು.

ರಕ್ತಕ್ಕೆ ಬಂದರೆ ಇಂಥ ಪೇಚಿಲ್ಲ, ಅವರೇ ಚುಚ್ಚಿ ತೆಗೆಯುತ್ತಾರೆ. ಪೇಚಿರುವುದು ಪದದಲ್ಲಿ. ಸಂಸ್ಕೃತದಲ್ಲಿ ರಕ್ತವೆಂದರೆ ಬಣ್ಣವೇರಿದ್ದು, ಕೆಂಪಾದದ್ದು. ಮನಸ್ಸಿಗೆ ಬಣ್ಣವೇರಿದವನು ಅನುರಕ್ತ, ಬಣ್ಣ ಬಿಟ್ಟವನು ವಿರಕ್ತ. ಹಾಗಾಗಿ ವಿರಕ್ತರ ಮೈಯಲ್ಲೂ ಐದು ಲೀಟರಿನಷ್ಟು ನೆತ್ತರು ಇರುತ್ತದೆ, ಕಬ್ಬಿಣದ ಮಾತ್ರೆ ಕೊಟ್ಟು ಅವರನ್ನು ಸಂಸಾರಕ್ಕೆ ಮರಳಿಸಲಾಗದು.

ಕೊನೆಯದಾಗಿ ಚೀಟಿ. ಹೆಸರು, ದಿನ, ಹೊತ್ತು ಬರೆದ ಚೀಟಿಯನ್ನು ಡಬ್ಬಿಯ ಮೈಗೆ ಅಂಟಿಸಬೇಕು, ಮುಚ್ಚಳಕ್ಕಲ್ಲ. ಮುಚ್ಚಳ ತೆಗೆದಿಟ್ಟ ಕ್ಷಣಕ್ಕೆ ಡಬ್ಬಿ ಅನಾಥ. ಪಕ್ಕದ ಡಬ್ಬಿಯ ಮುಚ್ಚಳ ಅದಕ್ಕೆ ಕೂತರೆ, ಮನೆಯ ಯಜಮಾನರು ಮೂರು ತಿಂಗಳ ಬಸುರಿ.